ಅರವತ್ತು ಕುದುರೆಗಳೂ ಒಂದು ಅಳತೆ ಟೇಪೂ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಬದಲಿಸಿದ ಅನ್ನಬೇಡಿ. ನಮ್ಮ ಬೋಟಿಗೆ ಅರವತ್ತು ಹಾರ್ಸ್‌ಪವರಿನ ಎಂಜಿನ್ನೇ ಸರಿ. ನಲವತ್ತು ಸಾಕು ಅಂತ ನನ್ನ ಹೆಂಡತಿ ಹೇಳಿದ್ದಳು, ಎಂಜಿನ್ ರಿಪೇರಿಯ ಬೋಲ್ಟಣ್ಣ ಹೇಳಿದ್ದ, ಇಂಥದ್ದರಲ್ಲೆಲ್ಲ ಬಾಯಿ ಹಾಕದ ನಮ್ಮ ಅತ್ತೆಯವರೂ ಹೇಳಿದ್ದರು. ಮೂರು ಜನ ಒಟ್ಟಿಗೆ ಹೇಳಿದ ಮಾತ್ರಕ್ಕೆ ತಪ್ಪು ಸರಿಯಾಗಿಬಿಡುತ್ತದೆಯೇ? ಇಪ್ಪತ್ತೆಂಟು ವರ್ಷದಿಂದ ಟೈಲರ್ ಅಂಗಡಿ ಇಟ್ಟವನು ನಾನು. ಅಳತೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ (ಹುಟ್ಟಿ, ನನ್ನನ್ನೇ ಮದುವೆಯಾಗಿದ್ದಾರೆ ಎಂಬುದು ಬೇರೆ ಮಾತು).

ನನ್ನ ಹೆಂಡತಿ ಶಾಲಾ ಬಸ್ಸಿನ ಡ್ರೈವರು. ವಾರಕ್ಕೆ ಐದು ದಿನ ನಲವತ್ತೆರಡು ಮಕ್ಕಳನ್ನು ಒಬ್ಬರ ತಲೆಯೂ ಎಲ್ಲಿಗೂ ತಾಗದ ಹಾಗೆ ಕರೆದೊಯ್ದು ಕರೆತರುತ್ತಾಳೆ. ಅದು ಸಾಲದು ಎಂದು ಮನೆಯ ಕಾರನ್ನೂ ಅವಳೇ ಓಡಿಸುತ್ತಾಳೆ. ಮದುವೆಯಾದ ಇಪ್ಪತ್ತೆರಡು ವರ್ಷವೂ ನನ್ನ ಜಾಗ ಪಕ್ಕದ ಸೀಟು. ಒಂದೇ ಒಂದು ಸಲ ಸ್ಟಿಯರಿಂಗು ನನ್ನ ಕೈಗೆ ಬಂದಿತ್ತು. ಆ ದಿನ ನಮ್ಮ ಮನೆಯ ಗೇಟು ದಿನಾ ಇರುವ ಜಾಗದಲ್ಲಿ ಇರಲಿಲ್ಲ. ಅಂದಿನಿಂದ ನನ್ನ ಖಾತೆ ಎಂದರೆ ಅವಳ ಕನ್ನಡಕ ಒರೆಸಿಕೊಡುವುದು ಮತ್ತು ಎಡಗಡೆಯಿಂದ ಗಾಡಿ ಬರುತ್ತಿದೆಯೇ ಎಂದು ನೋಡಿ ಹೇಳುವುದು. ನಾನು ಹೇಳಿದ ಮೇಲೂ ಅವಳು ಇನ್ನೊಮ್ಮೆ ತಾನೇ ನೋಡುತ್ತಾಳೆ.

ಹಾಗಾಗಿ ಊರಾಚೆಯ ದೊಡ್ಡ ಕೆರೆಯಲ್ಲಿ ಓಡಾಡಲು ಹದಿನಾರು ಅಡಿಯ ಹಳೆಯ ಬೋಟೊಂದು, ಎಂಜಿನ್ ಇಲ್ಲದೆ, ಕೈಗೆಟುಕಿದಾಗ ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ: ನೆಲವೆಲ್ಲ ನಿನ್ನದು, ನೀರು ಮಾತ್ರ ನನ್ನದು. ಬೋಟಿನ ಸ್ಟಿಯರಿಂಗ್ ಹಿಡಿಯುವವನು ನಾನೇ. ಅವಳು ಜಗಳವಾಡಲಿಲ್ಲ. ಭಾನುವಾರ ತನಗೂ ರಜ ಬೇಕು, ಹಿಡಿದುಕೊಳ್ಳಿ ಎಂದಳು. ಮರುದಿನವೇ ಅಂಗಡಿಯಲ್ಲಿ ಗಿರಾಕಿಗಳ ಕೋಟನ್ನು ಪಕ್ಕಕ್ಕಿಟ್ಟು ನನಗೊಂದು ನೌಕಾಧಿಪತಿಯ ಟೋಪಿ ಹೊಲಿದುಕೊಂಡೆ. ಬಿಳಿ ಬಟ್ಟೆ, ಮುಂದೆ ಚಿನ್ನದ ದಾರದ ಪಟ್ಟಿ. ಒಂದಿಂಚು ದೊಡ್ಡದಾಗಿಯೇ ಹೊಲಿದೆ.

ಒಂದಿಂಚು ದೊಡ್ಡದು ಏಕೆಂದರೆ ಅದು ನನ್ನ ವೃತ್ತಿಧರ್ಮ. ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ಬಟ್ಟೆಯಲ್ಲಿ ಜಾಗ ಬಿಟ್ಟಿರಬೇಕು. ಮಗಳಿಗೆ ಮೂರನೇ ತರಗತಿಯಲ್ಲಿ ಹೊಲಿದ ಯೂನಿಫಾರ್ಮು ಆರನೇ ತರಗತಿಯಲ್ಲಿ ಸರಿಯಾಗಿ ಕೂತಿತು (ನಡುವಿನ ವರ್ಷಗಳ ಫೋಟೊಗಳನ್ನು ಅವಳು ಎಲ್ಲಿ ಬಚ್ಚಿಟ್ಟಿದ್ದಾಳೋ ಗೊತ್ತಿಲ್ಲ). ನಾನು ಆರಿಸಿ ತಂದ ಫ್ರಿಜ್ಜು ಅಡುಗೆಮನೆಯ ಬಾಗಿಲು ದಾಟದೆ ಇವತ್ತಿಗೂ ಹಜಾರದಲ್ಲಿ ಬಂದವರನ್ನು ಸ್ವಾಗತಿಸುತ್ತಿದೆ. ಆದರೂ ಅದರಲ್ಲಿ ಜಾಗ ಸಾಲದು ಅಂತ ಯಾರಾದರೂ ಒಂದು ದಿನ ಬಾಯಿ ಬಿಟ್ಟಿದ್ದಾರೆಯೇ? ಇಲ್ಲ.

ಎಂಜಿನ್ ನೋಡಲು ಕೆರೆ ದಂಡೆಯ ಬೋಲ್ಟಣ್ಣನ ಶೆಡ್ಡಿಗೆ ಹೋದೆವು. ನಾನು ತೊಂಬತ್ತು ಹಾರ್ಸ್‌ಪವರ್ ಕೇಳಿದೆ. ಬೋಲ್ಟಣ್ಣ ನನ್ನನ್ನು ಅಲ್ಲೇ ತಂದಿಟ್ಟಿದ್ದ ನಮ್ಮ ಬೋಟಿನ ಹಿಂಭಾಗಕ್ಕೆ ಕರೆದೊಯ್ದು ಅಲ್ಲಿ ಹೊಡೆದಿದ್ದ ಸಣ್ಣ ತಗಡಿನ ಪಟ್ಟಿಯನ್ನು ಬೆರಳಿನಿಂದ ಒರೆಸಿ ತೋರಿಸಿದ. ಐದು ಜನ, ಹೆಚ್ಚೆಂದರೆ ಅರವತ್ತು ಹಾರ್ಸ್‌ಪವರ್. ನಾನು ನಕ್ಕೆ. ಲೇಬಲ್ಲಿನ ಯೋಗ್ಯತೆ ನನಗೆ ಗೊತ್ತಿಲ್ಲವೇ? ರೆಡಿಮೇಡ್ ಪ್ಯಾಂಟಿನ ಮೇಲೆ ಮೂವತ್ತೆಂಟು ಎಂದು ಬರೆದಿರುತ್ತದೆ, ಟೇಪು ಹಿಡಿದರೆ ಮೂವತ್ತಾರೂ ಇರುವುದಿಲ್ಲ. ಲೇಬಲ್ ನಂಬುವವರೇ ಕೊನೆಗೆ ನನ್ನ ಅಂಗಡಿಗೆ ಬಂದು ಕೈಮುಗಿಯುವುದು. ಇದನ್ನೆಲ್ಲ ವಿವರವಾಗಿ ಹೇಳಿದೆ.

"ಮಾಸ್ಟ್ರೇ, ಪ್ಯಾಂಟು ಹರಿದ್ರೆ ಮಾನ ಹೋಗುತ್ತೆ, ಇದು ತಪ್ಪಿದ್ರೆ ಪ್ರಾಣ ಹೋಗುತ್ತೆ," ಎಂದ ಬೋಲ್ಟಣ್ಣ. "ಪಟ್ಟಿ ಮೀರಿ ನಾನು ಒಂದು ಬೋಲ್ಟೂ ಬಿಗಿಯಲ್ಲ. ನಿಮ್ಮ ನಾಲ್ಕು ಜನಕ್ಕೆ ನಲವತ್ತು ಧಾರಾಳ ಆಯ್ತು."

ಕೊನೆಗೆ ನಾನೇ ದೊಡ್ಡ ಮನಸ್ಸು ಮಾಡಿ ಅರವತ್ತಕ್ಕೆ ಇಳಿದೆ. ಅವನ ಹತ್ತಿರ ಇದ್ದ ಅರವತ್ತು ಹಳೆಯ ಕಾಲದ್ದು, ಗುಂಡಗೆ ಗಟ್ಟಿಮುಟ್ಟಾಗಿತ್ತು. ಅದು ನಲವತ್ತರದಕ್ಕಿಂತ ಮೂವತ್ತು ಕಿಲೋ ಹೆಚ್ಚು, ಈ ಬೋಟಿನ ಹಿಂಭಾಗ ಕೂತುಬಿಡುತ್ತದೆ, ಮೂತಿ ಮೇಲಕ್ಕೇಳುತ್ತದೆ ಎಂದು ಅವನು ಗೊಣಗಿದ. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ದೊಡ್ಡ ಎಂಜಿನ್ನಿಗೆ ಹೊಂದಲಿ ಎಂದು ದೊಡ್ಡ ಪೆಟ್ರೋಲ್ ಟ್ಯಾಂಕು, ದೊಡ್ಡ ಬ್ಯಾಟರಿಯನ್ನೂ ಆರಿಸಿದೆ. ಎಲ್ಲವೂ ಹಿಂದೆಯೇ ಕೂರುವಂಥವು.

ಮನೆಗೆ ಬಂದ ಮೇಲೆ ಹೆಂಡತಿ ಒಂದು ಕಾಗದ ಹಿಡಿದು ಕೂತಳು. ಯಾರ ತೂಕ ಎಷ್ಟು, ಯಾರು ಎಲ್ಲಿ ಕೂರುವುದು ಎಂಬ ಲೆಕ್ಕ. ಅತ್ತೆಯವರು ಅರವತ್ತೆರಡು ಕಿಲೋ, ಮಗಳು ಐವತ್ತು, ತಾನು ಅರವತ್ತೆಂಟು ಎಂದು ಒಂದಿಷ್ಟೂ ಸಂಕೋಚವಿಲ್ಲದೆ ಬರೆದಳು. ನನ್ನ ಹೆಸರಿನ ಮುಂದೆ ಪೆನ್ನು ನಿಂತಿತು. ಇಂಚಿನಲ್ಲಿ ಕೇಳು, ಹೇಳುತ್ತೇನೆ. ಕಿಲೋದಲ್ಲಿ ಕೇಳುವುದಕ್ಕೆ ನಾನೇನು ಈರುಳ್ಳಿ ಮೂಟೆಯೇ ಎಂದೆ.

"ನಿಮ್ಮ ತೂಕ ಬೇಕಾಗಿರೋದು ಬೋಟಿಗೆ ರೀ, ನನಗಲ್ಲ."

"ಬೋಟು ಕೇಳಿದಾಗ ಹೇಳ್ತೀನಿ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ನನ್ನ ಅಂಗಡಿಯ ಗೋಡೆಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆಸಿರುವ ಬೋರ್ಡೊಂದಿದೆ: ಟ್ರಯಲ್ ನೋಡದೆ ಒಯ್ಯಬೇಡಿ, ಸರಿಹೋಗದಿದ್ದರೆ ಆಲ್ಟರೇಷನ್ ಮಾಡಿಕೊಡುತ್ತೇವೆ. ಅದನ್ನೇ ಇಟ್ಟುಕೊಂಡು ಅವಳು ಮಾತು ಮುಗಿಸಿದಳು.

"ಆಯ್ತು, ಅರವತ್ತೇ ಇರಲಿ. ಟ್ರಯಲ್ ನೋಡೋಣ. ಸರಿಹೋದ್ರೆ ಸ್ಟಿಯರಿಂಗ್ ಜೀವನಪರ್ಯಂತ ನಿಮ್ಮದು, ನಾನು ಪಕ್ಕದಲ್ಲಿ ಕೂತು ಬಾಯಿ ಬಿಡಲ್ಲ. ಸರಿಹೋಗದಿದ್ರೆ ಆಲ್ಟರೇಷನ್ ನಾನು ಹೇಳಿದ ಹಾಗೆ."

ನನಗೆ ಒಳಗೊಳಗೇ ನಗು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಅಳತೆಗೆ ಆಲ್ಟರೇಷನ್ ಬೇಕಾಗಿದ್ದರೆ ತಾನೆ? (ಬೇಕಾಗಿದ್ದವರೆಲ್ಲ ಆಮೇಲೆ ದಪ್ಪಗಾದವರು.) ಮಾತು ಕೊಟ್ಟುಬಿಟ್ಟೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಹತ್ತಿದೆವು. ಸ್ಟಿಯರಿಂಗ್ ಇದ್ದದ್ದು ಬೋಟಿನ ಹಿಂದಿನ ಅರ್ಧದಲ್ಲಿ. ಟೋಪಿ ಧರಿಸಿ, ಕೊರಳಿಗೆ ಅಭ್ಯಾಸದ ಅಳತೆ ಟೇಪು ಹಾಕಿಕೊಂಡು ನಾನು ಸಿಂಹಾಸನಾರೂಢನಾದೆ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಗಳು. ದಂಡೆಯ ಮೇಲೆ ಬೋಲ್ಟಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಬಿಡಲೋ ಬೇಡವೋ ಎಂಬಂತೆ ಸ್ವಲ್ಪ ದೂರ ಹೋದೆ. ಆಮೇಲೆ, ಅರವತ್ತು ಕುದುರೆ ಕಟ್ಟಿಕೊಂಡು ಕತ್ತೆಯ ಹಾಗೆ ಹೋಗುವುದೇನು ಎಂದು ವೇಗದ ಹಿಡಿಕೆಯನ್ನು ಜೋರಾಗಿ ಮುಂದಕ್ಕೆ ನೂಕಿದೆ.

ಬೋಟು ಮುಂದಕ್ಕೆ ಹೋಗುವ ಬದಲು ಮೇಲಕ್ಕೆ ಹೊರಟಿತು. ಹಿಂಭಾಗ ಕುಕ್ಕರಿಸಿತು, ಮೂತಿ ಎದ್ದು ನಿಂತಿತು. ನನಗೆ ಕೆರೆ ಕಾಣಿಸಲಿಲ್ಲ, ದಂಡೆ ಕಾಣಿಸಲಿಲ್ಲ, ಶುಭ್ರವಾದ ಆಕಾಶ ಮಾತ್ರ ಕಾಣಿಸಿತು. ಒಂದಿಂಚು ದೊಡ್ಡ ಟೋಪಿ ಜಾರಿ ಕಣ್ಣಿನ ಮೇಲೆ ಬಂದಾಗ ಅದೂ ಹೋಯಿತು. ಅತ್ತೆಯವರ ತಿಂಡಿಯ ಡಬ್ಬಿ ಜಾರಿಕೊಂಡು ಹೋಗಿ ಬ್ಯಾಟರಿಗೆ ಬಡಿದ ಸದ್ದಾಯಿತು.

"ಅಳಿಯಂದಿರೇ," ಅತ್ತೆಯವರು ಬಹಳ ಗೌರವದಿಂದ ಕೇಳಿದರು, "ನಾವು ಕೆರೆಯಲ್ಲೇ ಇದ್ದೀವಾ?"

ಹೆಂಡತಿ ಕೈಚಾಚಿ ಹಿಡಿಕೆ ಹಿಂದಕ್ಕೆಳೆದಳು. ಬೋಟು ದೊಪ್ಪನೆ ಕೂತಿತು. ಟೋಪಿ ನೀರಿಗೆ ಹಾರಿ ತೇಲುತ್ತ ತನ್ನ ದಾರಿ ನೋಡಿಕೊಂಡಿತು.

ದಂಡೆಗೆ ಬಂದಾಗ ಬೋಲ್ಟಣ್ಣ ನಗಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ಹಿಂದಿನ ಭಾರಕ್ಕೆ ಸರಿಯಾಗಿ ಮೂತಿಯ ಸೀಟಿನಲ್ಲಿ ಎಂಬತ್ತು ಕಿಲೋ ಕೂತರೆ ಬೋಟು ಚಿನ್ನದಂತೆ ಓಡುತ್ತದೆ ಎಂದ. ಮೂತಿಯಲ್ಲಿದ್ದದ್ದು ಒಬ್ಬರ ಸೀಟು. ಮಗಳು ಕೂತು ನೋಡಿದಳು, ಸಾಲಲಿಲ್ಲ. ಅತ್ತೆಯವರು ಕೂತರು, ಸಾಲಲಿಲ್ಲ. ಹೆಂಡತಿಯೂ ಕೂತಳು, ಇನ್ನೂ ಬೇಕು ಎಂದ ಬೋಲ್ಟಣ್ಣ. ಎಲ್ಲರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ಶೆಡ್ಡಿನಲ್ಲಿ ಎಂಜಿನ್ ತೂಗುವ ದೊಡ್ಡ ತಕ್ಕಡಿ ಇತ್ತು. ಮರಳು ಚೀಲ ಇಡಬಹುದಲ್ಲ ಎಂದು ನಾನು ಸೂಚಿಸಿದೆ. ಚೀಲವನ್ನು ಪ್ರತಿ ವಾರ ಹೊತ್ತು ತರಬೇಕು, ಇದು ತಾನೇ ನಡೆದು ಬರುತ್ತದೆ ಎಂದಳು ಮಗಳು.

ತಕ್ಕಡಿಯ ಮುಳ್ಳು ಎಂಬತ್ತಕ್ಕೆ ಬಂದು ಆಚೀಚೆ ಕದಲದೆ ನಿಂತಿತು.

ಹೆಂಡತಿ ನನ್ನ ಕೊರಳಿನ ಟೇಪನ್ನು ತೆಗೆದು ಸುರುಳಿ ಸುತ್ತಿ ತನ್ನ ಜೇಬಿಗಿಟ್ಟುಕೊಂಡಳು. "ಅಳತೆ ಹೇಳಿ ಹೊಲಿಸಿದ ಹಾಗಿದೆ," ಎಂದಳು. "ಹೋಗಿ, ಮುಂದೆ ಕೂತ್ಕೊಳ್ಳಿ."

ಅಂದಿನಿಂದ ಪ್ರತಿ ಭಾನುವಾರ ನಾನು ಬೋಟಿನ ಮೂತಿಯಲ್ಲಿ. ಅಲೆ ಮೊದಲು ಬಂದು ಹೊಡೆಯುವುದು ನನ್ನ ಮುಖಕ್ಕೆ, ಆಮೇಲೆ ಬೋಟಿಗೆ. ಸ್ಟಿಯರಿಂಗ್ ಹಿಡಿದವಳು ಬಸ್ಸು ಓಡಿಸುವಷ್ಟೇ ನಾಜೂಕಾಗಿ ಓಡಿಸುತ್ತಾಳೆ, ಅದನ್ನು ಒಪ್ಪದಿದ್ದರೆ ತಪ್ಪಾಗುತ್ತದೆ. ಇಪ್ಪತ್ತೆರಡು ವರ್ಷ ನನ್ನದಾಗಿದ್ದ ಪಕ್ಕದ ಸೀಟಿನಲ್ಲಿ ಈಗ ಅತ್ತೆಯವರು ಕೂತು ಕನ್ನಡಕ ಒರೆಸಿಕೊಡುತ್ತಾರೆ. ಆ ಸೀಟು ಎಷ್ಟು ಬೆಚ್ಚಗಿತ್ತು ಎಂದು ನನಗೆ ಈಗ ತಿಳಿಯುತ್ತಿದೆ. ದಂಡೆಯಲ್ಲಿ ನಿಂತವರು ಕೇಳಿದರೆ ಎದೆ ಉಬ್ಬಿಸಿಯೇ ಹೇಳುತ್ತೇನೆ: ಮುಂದಾಳು ಮುಂದೆಯೇ ಕೂರಬೇಕು, ಎಂಜಿನ್ ಅರವತ್ತೇ ಸರಿ.

ಆರನೇ ವಾರ ನೆಗಡಿ ಹಿಡಿಯಿತು. ಮಂಗಳವಾರ ಹೆಂಡತಿ ಬಸ್ಸಿನಲ್ಲಿರುವ ಹೊತ್ತು ನೋಡಿ ಅಂಗಡಿಗೆ ಬೀಗ ಹಾಕಿ ಬೋಲ್ಟಣ್ಣನ ಶೆಡ್ಡಿಗೆ ಹೋದೆ. ಆ ನಲವತ್ತು ಇನ್ನೂ ಇದೆಯೇ, ಸುಮ್ಮನೆ ಕೇಳಿದೆ, ಬೇರೆ ಯಾರಿಗೋ ಬೇಕಂತೆ ಎಂದೆ.

ಬೋಲ್ಟಣ್ಣ ಕೈಯ ಗ್ರೀಸು ಒರೆಸಿಕೊಂಡ. "ಇದೆ ಮಾಸ್ಟ್ರೇ. ಆದ್ರೆ ನಿಮಗೆ ಕೊಡೋ ಹಾಗಿಲ್ಲ. ಅಕ್ಕ ಹೋದ ತಿಂಗಳೇ ಬಂದು ಹೇಳಿ ಹೋಗಿದ್ದಾರೆ."

"ಏನಂತ?"

"ನಮ್ಮ ಯಜಮಾನ್ರು ಒಂದಿನ ಬಂದು ನಲವತ್ತು ಕೇಳ್ತಾರೆ, ಕೊಡಬೇಡಿ. ಅಳತೆ ವಿಷಯದಲ್ಲಿ ಅವರು ಯಾವತ್ತೂ ತಪ್ಪಲ್ಲ. ಅರವತ್ತೇ ಸರಿ, ಅಂತ."

ಇದಕ್ಕೆ ನಾನೇನು ಹೇಳಲಿ, ನೀವೇ ಹೇಳಿ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಂಡತಿ ನನ್ನ ಮಾತನ್ನು ಸಂಪೂರ್ಣವಾಗಿ ಒಪ್ಪಿದ್ದಾಳೆ. ನಾನು ಅಲ್ಲ ಎನ್ನಲೇ? ಸರಿಯಾಗೇ ಹೇಳಿದ್ದಾಳೆ ಎಂದು ಬೋಲ್ಟಣ್ಣನಿಗೆ ಹೇಳಿ, ಎರಡು ಸಲ ಸೀನಿ, ಅಂಗಡಿಗೆ ವಾಪಸು ಬಂದೆ. ಬಂದವನೇ ಈ ಭಾನುವಾರಕ್ಕೆಂದು ಹೊಸ ಟೋಪಿಯೊಂದನ್ನು ಕತ್ತರಿಸಿದೆ. ಈ ಸಲ ಒಂದಿಂಚೂ ಬಿಟ್ಟಿಲ್ಲ.