ಸೀಮೆಸುಣ್ಣದ ಆಸ್ಪತ್ರೆ

ತೊಂದರೆ ಶುರುವಾದದ್ದು ಒಂದು ಡಬ್ಬಿ ಸೀಮೆಸುಣ್ಣದಿಂದ.

ಆಸ್ಪತ್ರೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನೊಬ್ಬನಿದ್ದ. ಸೇರಿ ವರ್ಷಗಳಾದರೂ ಇನ್ನೂ ತಾತ್ಕಾಲಿಕ ನೌಕರ. ಅವನ ಮೇಜೂ ತಾತ್ಕಾಲಿಕ. ದೊಡ್ಡವರು ಯಾರಾದರೂ ಬಂದರೆ ಅದನ್ನು ಎತ್ತಿಕೊಂಡು ಹೋಗಿ ಅದರ ಮೇಲೆ ಟೀ ಇಡುತ್ತಿದ್ದರು. ಹೊಸ ಓಪಿಡಿ ಕಟ್ಟಡದ ನಕ್ಷೆಯನ್ನು ಅವನ ತಲೆಗೆ ಕಟ್ಟುವಾಗ ಆಸ್ಪತ್ರೆ ಮಂಡಳಿಯ ಅಧ್ಯಕ್ಷರು ಹೇಳಿದ್ದರು: "ಇದು ಪಾಸಾದ್ರೆ ನಿನ್ನ ಕೆಲ್ಸ ಪರ್ಮನೆಂಟು. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ."

ಅವನು ಜೀವ ತೇದು ಬರೆದ. ಹಳೆಯ ಕಟ್ಟಡದಲ್ಲಿ ರೋಗಿಗಳು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಕೆಮ್ಮುವ ಮುದುಕನೂ ಎಳೆಗೂಸೂ ಒಂದೇ ಬೆಂಚಿನಲ್ಲಿ. ಹೊಸದರಲ್ಲಿ ಕೆಮ್ಮುವವರಿಗೆ ಬೇರೆ ದಾರಿ, ಕಾಯುವವರಿಗೆ ಕಿಟಕಿ, ಸ್ಟ್ರೆಚರ್ ಗೋಡೆಗೆ ಬಡಿಯದೆ ತಿರುಗುವಷ್ಟು ಅಗಲದ ಮೂಲೆ ಇಟ್ಟಿದ್ದ. ಆದರೆ ನಕ್ಷೆ ಯಾರಿಗೂ ಅರ್ಥವಾಗಲಿಲ್ಲ. ಹಿರಿಯ ಡಾಕ್ಟರು ಅದನ್ನು ತಲೆಕೆಳಗಾಗಿ ಹಿಡಿದು, "ಫಸ್ಟ್ ಕ್ಲಾಸಾಗಿದೆ. ನನ್ನ ರೂಮು ಎಲ್ಲಿ?" ಎಂದರು.

ಹಾಗಾಗಿ ಅವನು ಖಾಲಿ ಬಿದ್ದಿದ್ದ ಆಂಬುಲೆನ್ಸ್ ಶೆಡ್ಡಿನ ನೆಲದ ಮೇಲೆ ಇಡೀ ಓಪಿಡಿಯನ್ನು ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದೆಂದು ತೀರ್ಮಾನಿಸಿದ. ಮಧ್ಯಾಹ್ನ ಅಧ್ಯಕ್ಷರು ಬರುವವರಿದ್ದರು. ಬೆಳಿಗ್ಗೆಯಿಂದ ಮಂಡಿಯೂರಿ ಗೆರೆ ಎಳೆದ. ಗೋದಾಮಿನಿಂದ ಮೇಜು ಕುರ್ಚಿ ತಂದಿಟ್ಟ. ಇನ್ನೇನು ಬೆನ್ನು ನೆಟ್ಟಗೆ ಮಾಡಬೇಕು, ಹೆಡ್ ಸಿಸ್ಟರ್ ಸೀದಾ ನಡೆದು ಬಂದರು.

"ಸಿಸ್ಟರ್, ಗೋಡೆ! ಗೋಡೆ ತುಳೀತಿದ್ದೀರಿ!"

ಸಿಸ್ಟರು ಸಗಣಿ ಮೆಟ್ಟಿದವರಂತೆ ಕಾಲೆತ್ತಿ ಕೆಳಗೆ ನೋಡಿದರು. "ಇಂಜೆಕ್ಷನ್ ರೂಮು ಇಷ್ಟೇನಾ? ಸೂಜಿ ಚುಚ್ಚೋವಾಗ ನನ್ನ ಮೊಣಕೈ ಏನು ಪಕ್ಕದ ರೂಮಲ್ಲಿಡ್ಲಾ?" ಎಂದು ಗೆರೆಯನ್ನು ಚಪ್ಪಲಿಯಲ್ಲೇ ಒರೆಸಿ, ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಆಚೆಗೆ ಎಳೆದರು. ಬಾಗಿಲನ್ನೂ ಬೇರೆ ಮೂಲೆಗೆ ಸಾಗಿಸಿದರು.

ಇದನ್ನು ಕಂಡ ಔಷಧಿ ಅಂಗಡಿಯವನು ತನ್ನ ಫ್ರಿಜ್ಜಿಗೆ ಜಾಗ ಎಳೆದುಕೊಂಡ. ಹಿರಿಯ ಡಾಕ್ಟರು ತಮ್ಮ ಕೋಣೆಯನ್ನು ಮದುವೆ ಛತ್ರದಷ್ಟು ಮಾಡಿಕೊಂಡು, "ನಾನೇನು ಜಾಸ್ತಿ ಕೇಳೋನಲ್ಲಪ್ಪ" ಎಂದರು. ಶೌಚಾಲಯ ಒಬ್ಬ ನಿಲ್ಲುವಷ್ಟಾಯಿತು, ಕೂರುವ ಹಾಗಿರಲಿಲ್ಲ.

"ರೋಗಿಗಳು ಎಲ್ಲಿ ಕೂರ್ಬೇಕು ಸಾರ್?"

"ರೋಗ ಇದ್ದೋರು ಮನೇಲಿ ಮಲಗಿರ್ಬೇಕು ಕಣಯ್ಯಾ."

ಅವನು ಅಳಿಸಿದ್ದನ್ನು ಮತ್ತೆ ಎಳೆಯಲು ಮಂಡಿಯೂರಿದಾಗ ಎದುರಿಗೆ ಎರಡು ಊದಿದ ಪಾದಗಳು ಕಂಡವು. ತಲೆ ಎತ್ತಿದರೆ ಹೆಂಡತಿಯ ತಾಯಿ. ಮಂಡಿನೋವು.

"ಅಳಿಯಂದ್ರೇ, ನಿಮ್ಮ ಆಸ್ಪತ್ರೆ ಅಂದ್ರೆ ಇದೇನಾ?"

"ಅತ್ತೆ, ಇದು ಬರೀ ಗೆರೆ. ಹಳೇ ಕಟ್ಟಡಕ್ಕೆ ಹೋಗಿ."

"ಗೆರೆಯಾದ್ರೇನು, ಕುರ್ಚಿ ನಿಜವಾದದ್ದೇ ಅಲ್ವಾ?" ಎಂದು ಅತ್ತೆ ಕೂತೇಬಿಟ್ಟರು.

ಮೆಟ್ಟಿಲ ಮೇಲೆ ಕಾಯುತ್ತಿದ್ದ ಒಬ್ಬ ಇದನ್ನು ನೋಡಿ ಕೂಗಿದ: "ಅಮ್ಮಾ, ಹೊಸದು ಓಪನ್ ಆಯ್ತಾ?"

"ಆಯ್ತಪ್ಪ. ನಮ್ಮ ಅಳಿಯಂದೇ. ನನ್ನ ಹಿಂದೆ ಬನ್ನಿ, ಮುಂದೆ ಯಾರೂ ನುಗ್ಗೋ ಹಾಗಿಲ್ಲ!"

ಬೆಲ್ಲಕ್ಕೆ ಇರುವೆ ಬಂದಂತೆ ಮೆಟ್ಟಿಲ ಜನವೆಲ್ಲ ಶೆಡ್ಡಿಗೆ ಬಂದರು. ಹಿರಿಯ ಡಾಕ್ಟರು ಆಗಷ್ಟೇ ತಮ್ಮ ಕೋಣೆಯ ಸುಖ ನೋಡಲು ಕೂತಿದ್ದರು. ಅವರು ಏಳುವಷ್ಟರಲ್ಲಿ ಯಾರೋ ಎದುರು ಬಂದು ನಾಲಗೆ ಚಾಚಿದರು. ಚಾಚಿದ ನಾಲಗೆ ಕಂಡ ಮೇಲೆ ಡಾಕ್ಟರ ಕೈ ಸುಮ್ಮನಿದ್ದೀತೆ? ಜೇಬಿನಿಂದ ಟಾರ್ಚು ಹೊರಬಂತು.

ನಕ್ಷೆಯವನು ಕೈ ಮುಗಿದ, ಬೇಡಿದ, ಬೈದ. ಯಾರೂ ಕೇಳಲಿಲ್ಲ. ಅತ್ತೆ ಕುರ್ಚಿಯಿಂದಲೇ ಆಡಳಿತ ಶುರುಮಾಡಿದ್ದರು. "ಏಯ್, ಅದು ಗೋಡೆ! ಬಾಗ್ಲು ಈ ಕಡೆ! ಕೆಮ್ಮೋರೆಲ್ಲ ಆ ಪಕ್ಕದಿಂದ!" ಮುದುಕನೊಬ್ಬ ಗಾಳಿಯಲ್ಲಿ ಬೆರಳು ಮಡಿಸಿ ಬಾಗಿಲು ತಟ್ಟಿ, "ಒಳಗೆ ಬರ್ಲಾ ಡಾಕ್ಟ್ರೇ?" ಎಂದ. ಅಷ್ಟರಲ್ಲಿ ಸ್ಟ್ರೆಚರ್ ಒಂದು ಬಂತು. ಯಾರೂ ಮುಟ್ಟದೆ ಬಿಟ್ಟಿದ್ದ ಒಂದೇ ಮೂಲೆಯಲ್ಲಿ, ಒಂದು ಗೆರೆಯನ್ನೂ ತಾಕದೆ ಸಲೀಸಾಗಿ ತಿರುಗಿ ಹೋಯಿತು. ಅವನು ಬರೆದದ್ದು ಸರಿಯಾಗಿತ್ತು!

ಆ ಹೊತ್ತಿಗೇ ಅಧ್ಯಕ್ಷರ ಕಾರು ಬಂತು.

ಅಧ್ಯಕ್ಷರು ಗೆರೆಯ ಬಾಗಿಲ ಮುಂದೆ ನಿಂತರು. ಬೂಟು ಒರೆಸಿಕೊಂಡು ಒಳಗೆ ಬಂದರು. ಕೂತ ಜನರನ್ನು, ಟಾರ್ಚು ಹಿಡಿದ ಡಾಕ್ಟರನ್ನು, ಮೊಣಕೈ ಧಾರಾಳವಾಗಿ ಚಾಚಿ ಸೂಜಿ ಚುಚ್ಚುತ್ತಿದ್ದ ಸಿಸ್ಟರನ್ನು ನೋಡಿದರು.

"ಯಾರು ಮಾಡಿದ್ದು ಇದನ್ನ?"

ಎಲ್ಲರ ಬೆರಳೂ ಒಟ್ಟಿಗೆ ಅವನತ್ತ ತಿರುಗಿದವು. ತಪ್ಪಿನ ಹಂಚಿಕೆಯಲ್ಲಿ ಮಾತ್ರ ಯಾರೂ ಜಾಸ್ತಿ ಪಾಲು ಕೇಳಲಿಲ್ಲ.

"ಭೇಷ್! ಪಾಸು!" ಅಧ್ಯಕ್ಷರು ಅವನ ಬೆನ್ನು ತಟ್ಟಿದರು.

ಅವನಿಗೆ ನಂಬಿಕೆಯೇ ಬರಲಿಲ್ಲ. "ಹಾಗಾದ್ರೆ ಸಾರ್... ಕಟ್ಟೋ ಕೆಲ್ಸ ಯಾವಾಗ ಶುರು?"

"ಏನು ಕಟ್ಟೋದು? ಇಷ್ಟು ಚೆನ್ನಾಗಿ ನಡೀತಿರೋವಾಗ ಮಧ್ಯೆ ಗೋಡೆ ಯಾಕಯ್ಯಾ ಅಡ್ಡ?"

"ಸಾರ್, ಚಳಿ, ಗಾಳಿ... ಟಾಯ್ಲೆಟ್ಟು..."

"ಹಳೇ ಕಟ್ಟಡದಲ್ಲಿ ಇದ್ಯಲ್ಲ. ನಡೆದ್ರೆ ಆರೋಗ್ಯಕ್ಕೂ ಒಳ್ಳೇದು."

"ನನ್ನ ಕೆಲ್ಸ ಸಾರ್?"

"ಕೊಟ್ಟ ಮಾತು ತಪ್ಪೋನಲ್ಲ ನಾನು. ಇವತ್ತಿಂದ ಪರ್ಮನೆಂಟು. ಜನ ಓಡಾಡಿದ್ರೆ ಗೆರೆ ಅಳಿಸುತ್ತೆ ನೋಡು. ದಿನಾ ಬೆಳಿಗ್ಗೆ ಬಂದು ಹೊಸದಾಗಿ ಎಳೆದುಬಿಡು. ರಿಟೈರ್ ಆಗೋ ತನಕ ಯೋಚನೆ ಇಲ್ಲ."

ಅಧ್ಯಕ್ಷರು ಬಾಗಿಲಿನಿಂದಲೇ ಹೊರಗೆ ಹೋದರು. ಅವನ ಕೈಯಲ್ಲಿ ಸೀಮೆಸುಣ್ಣದ ಚೂರೊಂದು ಉಳಿದಿತ್ತು. ಬೆಳಿಗ್ಗೆಯಿಂದ ಊರಿದ್ದ ಮಂಡಿಗಳು ಈಗ ಒಳಗಿನಿಂದ ಸುಡತೊಡಗಿದವು. ಯಾರ ಮುಖವನ್ನೂ ನೋಡದೆ ಸೀದಾ ರಸ್ತೆಗೆ ಹೋಗಿಬಿಡಬೇಕೆಂದು ಅವನು ಒಂದು ಹೆಜ್ಜೆ ಇಟ್ಟ.

"ಗೋಡೆ! ಗೋಡೆ!" ಇಡೀ ಶೆಡ್ಡು ಒಂದೇ ದನಿಯಲ್ಲಿ ಕೂಗಿತು.

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಬಾಗಿಲು ಎಲ್ಲಿದೆಯೆಂದು ಹುಡುಕಿದ. ಸಿಸ್ಟರು ಸಾಗಿಸಿದ್ದ ಮೂಲೆಯಲ್ಲಿತ್ತು. ಅಲ್ಲಿಯ ತನಕ ಜನ ಕಿಕ್ಕಿರಿದಿದ್ದರು.

"ಕುಂಟ್ತಿದ್ದೀರಲ್ಲ ಅಳಿಯಂದ್ರೇ, ಮಂಡಿನಾ?" ಎಂದರು ಅತ್ತೆ. "ಡಾಕ್ಟ್ರಿಗೆ ತೋರ್ಸಿ. ಆದ್ರೆ ನಮ್ಮೋರು ಅಂತ ಮಧ್ಯೆ ನುಗ್ಬೇಡಿ, ನೋಡಿದೋರು ಏನಂದಾರು? ಹಿಂದೆ ಹೋಗಿ ನಿಂತ್ಕೊಳಿ."

ಅವನು ಹಿಂದೆ ಹೋಗಿ ನಿಂತ. ಕೂರಲು ಜಾಗ ಇರಲಿಲ್ಲ.