ಊಟಕ್ಕೆ ಏಳಿ ಎಂದರೂ ಏಳದ ಸಭೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನನ್ನ ಮುಖ ಗೊತ್ತಿರುವವರು ಕಡಿಮೆ. ನನ್ನ ದನಿ ಗೊತ್ತಿಲ್ಲದವರು ಇಲ್ಲವೇ ಇಲ್ಲ. ನನ್ನದು ಸಾಗರದಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಮದುವೆಯೋ, ಉಪನಯನವೋ, ಸಂಘದ ವಾರ್ಷಿಕೋತ್ಸವವೋ, ಯಾವುದೇ ಇರಲಿ, "ಆತ್ಮೀಯ ಬಂಧುಗಳೇ, ಎಲೆ ಹಾಕಿದೆ, ದಯವಿಟ್ಟು ಎಲ್ಲರೂ ಊಟಕ್ಕೆ ಏಳಬೇಕು" ಎಂದು ಮೈಕಿನಲ್ಲಿ ಕರೆಯುವವನು ನಾನು. ಈ ವಾಕ್ಯದ ಶಕ್ತಿ ಸಾಮಾನ್ಯದ್ದಲ್ಲ. ಒಮ್ಮೆ ಒಬ್ಬ ದೊಡ್ಡ ಮನುಷ್ಯರ ಭಾಷಣದ ನಡುವೆ ಬಾಯಿತಪ್ಪಿ ಹೇಳಿಬಿಟ್ಟೆ. ಅವರು ನೀರು ಕುಡಿದು ತಲೆ ಎತ್ತುವಷ್ಟರಲ್ಲಿ ವೇದಿಕೆಯ ಕುರ್ಚಿಗಳೂ ಖಾಲಿ!

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಕೂತ ಸಭೆಯನ್ನು ಎಬ್ಬಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಆ ನಂಬಿಕೆ ನನ್ನ ತಂಗಿಯ ಸಿನಿಮಾ ತೋರಿಸಿದ ದಿನ ಮಣ್ಣುಪಾಲಾಯಿತು. ಜೊತೆಗೆ ನನ್ನ ಮಾನವೂ ಹೋಯಿತು. ಅದು ಹೋದದ್ದು ಒಳ್ಳೆಯದೇ ಆಯಿತು ಎಂದು ನನ್ನ ಹೆಂಡತಿ ಸುಜಾತ ಹೇಳುತ್ತಾಳೆ.

ತಂಗಿ ಶುಭಾ ನನಗಿಂತ ಬಹಳ ಚಿಕ್ಕವಳು. ಅವಳನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ನಾನು. ಅವಳು ಓದಿ ಓದಿ ಕೊನೆಗೆ ಸಿನಿಮಾ ಮಾಡುವುದನ್ನೇ ಓದಿದಳು. ಹಿನ್ನೀರಿನ ದಡದ ಹೊಳೆಬಾಗಿಲಲ್ಲಿ ಇನ್ನೂ ಸೇತುವೆ ಆಗದೆ, ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚೇ ಓಡುತ್ತಿದ್ದ ಕಾಲದಲ್ಲಿ ಅಲ್ಲೇ ತನ್ನ ಮೊದಲ ಸಿನಿಮಾ ಮಾಡಿದಳು. ಕ್ಯಾಮೆರಾ ಅವಳ ಗೆಳತಿ ಅನಿತಾಳದ್ದು. ಜನರೇಟರ್ ಮತ್ತು ಲೈಟು ಈ ಬಡವನದ್ದು. ಆದರೆ ಜನರೇಟರಿನ ಸದ್ದು ರೆಕಾರ್ಡ್ ಆಗುತ್ತದೆ ಎಂದು ಅದರ ಸಮೇತ ನನ್ನನ್ನು ದೂರದ ಗೇರುಮರದ ಬುಡಕ್ಕೆ ಅಟ್ಟಿದ್ದರು. ಅಂದರೆ ಆ ಸಿನಿಮಾದ ಬೆಳಕೆಲ್ಲ ನನ್ನದೇ. ನಾನು ಮಾತ್ರ ಕತ್ತಲೆಯಲ್ಲಿ!

ಕಥೆ ಏನೆಂದು ನಾನು ಕೇಳಲಿಲ್ಲ. ಲಾಂಚ್ ಕಾಯುವ ಜನರಿಗೆ ಒಬ್ಬಳು ಹೂವು ಮಾರುತ್ತಾಳೆ, ಇನ್ನೊಬ್ಬಳು ಅನಾನಸ್ ಹೆಚ್ಚಿ ಕೊಡುತ್ತಾಳೆ, ಇಬ್ಬರಿಗೂ ಸ್ನೇಹ. ಇಷ್ಟು ತಿಳಿದಿತ್ತು. ಆಮೇಲೆ ಯಾವ ಯಾವುದೋ ದೇಶದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಪಾಪ, ಅವರು ನಮ್ಮ ಹಿನ್ನೀರು ನೋಡಿರಲಿಕ್ಕಿಲ್ಲ ಎಂದುಕೊಂಡೆ.

ಸಾಗರದಲ್ಲೂ ತೋರಿಸಬೇಕು ಎಂದು ಶುಭಾ ಅನಿತಾಳ ಜೊತೆ ಬಂದಳು. ಬಂದವಳೇ ನನ್ನನ್ನು ಅಂಗಡಿಯ ಹಿಂದೆ ಕರೆದಳು.

"ಅಣ್ಣ, ಮೊದ್ಲು ನೀನೊಬ್ನೇ ನೋಡ್ತೀಯಾ? ಲ್ಯಾಪ್‌ಟಾಪಲ್ಲಿ ತೋರಿಸ್ತೀನಿ."

"ಅಷ್ಟು ಸಣ್ಣದ್ರಲ್ಲಿ ಎಂತ ನೋಡೋದೇ? ಊರಿಗೆ ಊರೇ ಕೂತಾಗ ನೋಡ್ತೀನಿ ತಗಾ."

"ಹಂಗಾರೆ ನನ್ನ ಪಕ್ಕ ಕೂತ್ಕ. ಮುಗಿಯೋ ತನಕ ಏಳ್ಬಾರ್ದು. ಬೇರೆಯವ್ರು ಬೈದ್ರೂ ಅಡ್ಡಿಲ್ಲ, ಎದ್ದು ಹೋದ್ರೂ ಅಡ್ಡಿಲ್ಲ. ನೀನು ಕೂತಿದ್ರೆ ನಂಗೆ ಸಾಕು."

"ನಾನೆಂತಕ್ಕೆ ಏಳ್ಳಿ? ಏಳಿಸೋದು ನನ್ನ ಕೆಲ್ಸ, ಏಳೋದಲ್ಲ!"

ನಾನು ನಕ್ಕೆ. ಅವಳು ನಗಲಿಲ್ಲ. ಅಲ್ಲೇ ಗೊತ್ತಾಗಬೇಕಿತ್ತು.

ಮರುದಿನದಿಂದ ಆಟೋಗೆ ಮೈಕ್ ಕಟ್ಟಿಕೊಂಡು ಪ್ರಚಾರಕ್ಕೆ ಹೊರಟೆ. "ಸಾಗರದ ಹೆಮ್ಮೆಯ ಕುವರಿ ನಿರ್ದೇಶಿಸಿದ, ಇಬ್ಬರು ಗೆಳತಿಯರ ನಿಷ್ಕಲ್ಮಶ ಸ್ನೇಹದ ಅಪೂರ್ವ ಕಥೆ! ಕುಟುಂಬ ಸಮೇತರಾಗಿ ಬನ್ನಿ! ಹಿರಿಯರನ್ನು ತಪ್ಪದೆ ಕರೆತನ್ನಿ! ಪ್ರದರ್ಶನದ ನಂತರ ಪಾಯಸದ ಊಟ!"

ಸುಜಾತ ಕೇಳಿದಳು, "ಅಲ್ರೀ, ಕಥೆ ಎಂತ ಅಂತ ಅವ್ಳನ್ನ ಕೇಳಿದ್ರಾ?"

"ಸ್ನೇಹದ್ದು ಕಣೆ."

"ಕೇಳಿದ್ರಾ ಅಂದೆ."

"ಎಲ್ಲಾನೂ ಕೇಳ್ಬೇಕಾ? ಅಂದಾಜು ಅಂತ ಒಂದು ಇರ್ತದಲ."

ಭಾನುವಾರ ಬೆಳಗ್ಗೆ ಸಮುದಾಯ ಭವನ ತುಂಬಿ ಹೋಯಿತು. ಮಹಿಳಾ ಮಂಡಳಿಯವರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅವರ ಅಧ್ಯಕ್ಷೆ ಭಾಗೀರಥಮ್ಮ ಮುಂದಿನ ಸಾಲಿನಲ್ಲೇ ಕೂತರು. ನನಗೆ ಶಾಲೆಯಲ್ಲಿ ಬೆತ್ತದ ರುಚಿ ತೋರಿಸಿದ್ದ, ಈಗ ನಿವೃತ್ತರಾದ ಡ್ರಿಲ್ ಮಾಸ್ತರು ಶಾಲು ಹೊದ್ದು ಬಂದಿದ್ದರು. ಶುಭಾ ಮಾತ್ರ ಬಾಗಿಲಿಗೆ "ಹದಿನೆಂಟು ದಾಟಿದವರಿಗೆ ಮಾತ್ರ" ಎಂದು ಕಾಗದ ಅಂಟಿಸಿ, ಮಕ್ಕಳನ್ನೆಲ್ಲ ವಾಪಸ್ ಕಳಿಸುತ್ತಿದ್ದಳು. ಜನ ನನ್ನ ಮುಖ ನೋಡಿದರು.

"ಬೀಡಿ ಸೇದೋ ಸೀನು ಇರ್ತದೆ, ಅದಕ್ಕೆ" ಎಂದು ನಾನೇ ಸಮಜಾಯಿಷಿ ಕೊಟ್ಟೆ.

ಸಿನಿಮಾ ಶುರುವಾಯಿತು. ನಾನು ಶುಭಾಳ ಬಲಕ್ಕೆ, ಅನಿತಾ ಅವಳ ಎಡಕ್ಕೆ. ಹಿನ್ನೀರು, ಲಾಂಚು, ಬಸ್ಸಿನಿಂದಿಳಿದ ಜನ. "ನಮ್ಮ ಹೊಳೆಬಾಗ್ಲು!" ಎಂದು ಯಾರೋ ಕೂಗಿದರು. ಚಪ್ಪಾಳೆಯೂ ಬಿತ್ತು. ಹೂವಿನವಳು ಅನಾನಸಿನವಳ ಮುಡಿಗೆ ಹೂವು ಮುಡಿಸಿದಳು. ಎಷ್ಟು ಒಳ್ಳೆಯ ಸ್ನೇಹ ಎಂದುಕೊಂಡೆ. ಕೆನ್ನೆ ಮುಟ್ಟಿದಳು. ಜ್ವರ ನೋಡುತ್ತಿರಬಹುದು ಎಂದುಕೊಂಡೆ. ಆಮೇಲೆ ತುಟಿಗೆ ತುಟಿ ಕೊಟ್ಟಳು.

ಜ್ವರ ಅಲ್ಲ!

ಪರದೆಯ ಮೇಲೆ ಒಂದು ಕೋಣೆ, ಒಂದು ಚಾಪೆ, ಆ ಇಬ್ಬರು. ಸೀರೆ ಜಾರಿತು. ಅದು ನಿಲ್ಲುವ ಲಕ್ಷಣ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿ ಕಾಲೇಜಿಗೆ ಹೋಗುವ ಮಗಳ ಕಣ್ಣನ್ನು ತಾಯಿ ಮುಚ್ಚಿದರೆ, ಮಗಳು ತಾಯಿಯ ಕಣ್ಣು ಮುಚ್ಚಿದ್ದಳು. ಅಡಿಕೆ ವ್ಯಾಪಾರದವರೊಬ್ಬರು ಬಾರದ ಫೋನನ್ನು ಕಿವಿಗಿಟ್ಟು, "ಹಲೋ, ಕೇಳ್ತಿಲ್ಲ, ಕೇಳ್ತಿಲ್ಲ" ಎನ್ನುತ್ತಲೇ ಪರದೆ ನೋಡುತ್ತಿದ್ದರು. ಡ್ರಿಲ್ ಮಾಸ್ತರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಶಾಲಿನ ತುದಿ ಪಕ್ಕದ ಕಿಟಕಿಯಲ್ಲಿ ಕಂಡಿತು!

ಶುಭಾ ನನ್ನ ಕೈ ಹಿಡಿದಳು. ನಾನು ಕೈ ಬಿಡಿಸಿಕೊಂಡು ಎದ್ದೆ.

ಮೊದಲು ಹೋಗಿ ಸೌಂಡ್ ಇಳಿಸಿದೆ. ಅದು ಮಹಾಪರಾಧವಾಯಿತು. ಸದ್ದು ಹೋದ ಕೂಡಲೇ ಇಡೀ ಸಭೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿತು! ಪ್ರೊಜೆಕ್ಟರಿನ ಬಾಯಿಯನ್ನೇ ಮುಚ್ಚಿಬಿಡೋಣ ಎಂದು ಕೈ ಅಡ್ಡ ಹಿಡಿದೆ. ಪರದೆಯ ಮೇಲೆ, ಆ ಹೂವಿನವಳ ಬರಿಬೆನ್ನಿನ ಮೇಲೆ, ಕೈಗಡಿಯಾರದ ಸಮೇತ ನನ್ನ ಐದು ಬೆರಳು ಮಾವಿನಕೊಂಬೆಯಷ್ಟು ದೊಡ್ಡದಾಗಿ ಬಂದು ಕೂತವು!

ಹಿಂದಿನ ಸಾಲಿನ ಗಂಡಸರು ಶಿಳ್ಳೆ ಹೊಡೆದರು. ಅಲ್ಲಿಯವರೆಗೆ ಆ ಸಿನಿಮಾದಲ್ಲಿ ಅಸಹ್ಯ ಎನ್ನುವಂಥದ್ದು ಏನೂ ಇರಲಿಲ್ಲ. ಅದನ್ನು ಸೇರಿಸಿದವನು ನಾನು.

ಕೈ ತೆಗೆದೆ. ಆಗ ನನ್ನ ಬ್ರಹ್ಮಾಸ್ತ್ರ ನೆನಪಾಯಿತು. ಕಾರ್ಡ್‌ಲೆಸ್ ಮೈಕ್ ಎತ್ತಿಕೊಂಡು, ಮದುವೆಮನೆಯ ಗಾಂಭೀರ್ಯದಿಂದ ಘೋಷಿಸಿದೆ:

"ಆತ್ಮೀಯ ಬಂಧುಗಳೇ, ಎಲೆ ಹಾಕಿದೆ. ದಯವಿಟ್ಟು ಎಲ್ಲರೂ ಊಟಕ್ಕೆ ಏಳಬೇಕು!"

ಒಬ್ಬರೂ ಏಳಲಿಲ್ಲ.

ಮಲೆನಾಡಿನ ಇತಿಹಾಸದಲ್ಲಿ ಇಂಥದ್ದು ನಡೆದಿರಲಾರದು. ಕೇಳಿಸಲಿಲ್ಲವೇನೋ ಎಂದು, "ಪಾಯಸ ಆರುತ್ತಿದೆ" ಎಂದೂ ಸೇರಿಸಿದೆ. ಭಾಗೀರಥಮ್ಮ ಹಿಂದಕ್ಕೆ ತಿರುಗಿದರು.

"ಗಣಪತೀ, ಊಟ ಎಲ್ಲೂ ಓಡಿ ಹೋಗ್ತಿಲ್ಲೆ. ಆ ಹೂವಿನ ಕೂಸು ಅಳ್ತಾ ಇದ್ದು. ಎಂತಕ್ಕೆ ಹೇಳಿ ನೋಡವು. ನೀ ಸುಮ್ನಿರು."

ಹೂವಿನವಳು ಯಾಕೆ ಅಳುತ್ತಾಳೆ ಎಂದು ಅವರಿಗೆ ನೋಡಬೇಕಿತ್ತು. ನಾನು ಸುಮ್ಮನಿರಬಹುದಿತ್ತು. ನಾನು ಪ್ರೊಜೆಕ್ಟರನ್ನೇ ಆರಿಸಿಬಿಟ್ಟೆ.

ಲೈಟು ಹಾಕಿದ ಕೂಡಲೇ ಡ್ರಿಲ್ ಮಾಸ್ತರು ಒಳಗೆ ಬಂದು ನನ್ನ ಮುಂದೆ ನಿಂತರು. "ಇದನ್ನಾ ನೀನು ಕುಟುಂಬ ಸಮೇತ ನೋಡಿ ಅಂತ ಊರಿಡೀ ಕೂಗಿದ್ದು? ನಾಚಿಕೆ ಆಗಲ್ವನ? ಯಾರದ್ದೋ ಇದು ಸಿನಿಮಾ?"

ಯಾರದ್ದು ಎಂದು ಅವರಿಗೂ ಗೊತ್ತಿತ್ತು. ಆದರೂ ಆ ದನಿಗೆ ನಾನು ಮತ್ತೆ ಏಳನೇ ಕ್ಲಾಸಿನವನಾದೆ. ಕೈ ಕಟ್ಟಿಕೊಂಡು ಮೆಲ್ಲಗೆ ಹೇಳಿದೆ, "ನಂಗೊತ್ತಿಲ್ಲ ಸಾರ್. ನಂದು ಬರೀ ಮೈಕು. ಅವ್ಳಿಗೂ ನಂಗೂ ಸಂಬಂಧ ಇಲ್ಲ."

ಮೈಕ್ ಕಟ್ಟಿದ ಕೈಯಲ್ಲೇ ಇತ್ತು. ಆರಿಸಿರಲಿಲ್ಲ. ಎಷ್ಟೋ ಭಾಷಣಕಾರರಿಗೆ "ಮೈಕ್ ಆನ್ ಇದೆ, ಜೋಪಾನ" ಎಂದು ಪಿಸುಗುಟ್ಟಿ ಮರ್ಯಾದೆ ಉಳಿಸಿದವನು ನಾನು! ಊಟದ ಕರೆಗೆ ಘನತೆ ಇರಲೆಂದು ಎಕೋ ಬೇರೆ ಇಟ್ಟಿದ್ದೆ.

ಸಂಬಂಧ ಇಲ್ಲ... ಇಲ್ಲ... ಇಲ್ಲ...

ಭವನದ ನಾಲ್ಕು ಮೂಲೆಗೂ ಹೋಯಿತು. ಊಟದ ಚಪ್ಪರಕ್ಕೆಂದು ಹೊರಗೆ ಕಟ್ಟಿದ್ದ ಸ್ಪೀಕರಿನಿಂದ ಬೀದಿಗೂ ಹೋಯಿತು.

ಶುಭಾ ಎದ್ದು ಬಂದಳು. ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಆರಿಸಿದಳು. ಪ್ರೊಜೆಕ್ಟರ್ ಹಾಕಿದಳು. ಸೌಂಡ್ ಏರಿಸಿದಳು. ಹೋಗಿ ಕೂತಳು. ನನ್ನ ಕುರ್ಚಿ ಖಾಲಿಯೇ ಇತ್ತು. ನಾನು ಹೊರಗೆ ಹೋಗಿ ಪಾಯಸದ ಹಂಡೆಯ ಪಕ್ಕ ನಿಂತೆ.

ಕೆಲವರು ಬೈಯುತ್ತ ಹೋದರು. ಮಾಸ್ತರು ಬೈಯುತ್ತ ಊಟ ಮಾಡಿಯೇ ಹೋದರು. ಆದರೆ ಹೆಚ್ಚಿನವರು ಕೊನೆವರೆಗೂ ಕೂತಿದ್ದರು. ಆಮೇಲೆ ಪ್ರಶ್ನೆ ಕೇಳುವ ಕಾರ್ಯಕ್ರಮ. ಅದೂ ನಾನೇ ಕಟ್ಟಿದ ಸ್ಪೀಕರಿನಲ್ಲಿ ಚಪ್ಪರಕ್ಕೆ ಕೇಳಿಸುತ್ತಿತ್ತು. ಯಾರೋ ಹೆಂಗಸರು ಕೇಳಿದರು, "ಆ ಹೂವಿನವ್ಳು ಅಷ್ಟು ಅಳೋ ಬದ್ಲು ಮನೇಲಿ ಹೇಳ್ಬಹುದಿತ್ತಲ ಮಾರಾಯ್ತಿ?"

ಶುಭಾಳ ದನಿ ಬಂತು. "ಹೇಳೋಕೆ ಹೊರಟಾಗ್ಲೇ ಮನೆಯವ್ರು ಊಟಕ್ಕೆ ಏಳಿ ಅಂತಾರೆ."

ಸಭೆ ಗೊಳ್ಳೆಂದು ನಕ್ಕಿತು. ನಾನು ಸೌಟು ಹಿಡಿದುಕೊಂಡು ಹಂಡೆಯೊಳಗೆ ನೋಡುತ್ತಿದ್ದೆ.

ಊಟ ಮಾಡದೆ ಹೊರಟ ಅವಳ ಹಿಂದೆ ಬಸ್ ನಿಲ್ದಾಣದವರೆಗೂ ಹೋದೆ. ಅನಿತಾ ಸ್ವಲ್ಪ ದೂರ ನಿಂತಳು.

"ಅಣ್ಣ, ನಾನೂ ಅನಿತಾನೂ ಹಂಗೇ ಇರೋರು. ಆ ಇಬ್ರ ಹಂಗೆ. ನಿಂಗೆ ಬಾಯಲ್ಲಿ ಹೇಳಕ್ಕೆ ಆಗ್ಲಿಲ್ಲ. ಅದಕ್ಕೆ ಪಕ್ಕ ಕೂತ್ಕ ಅಂದಿದ್ದು."

ಮೂರು ತಾಲ್ಲೂಕಿಗೆ ಕೇಳುವ ನನ್ನ ಗಂಟಲಿನಿಂದ ಒಂದು "ಹ್ಞೂಂ" ಕೂಡ ಹೊರಡಲಿಲ್ಲ. ಬಸ್ ಹೊರಟಿತು.

ಆಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ. ಸುಜಾತಳ ಫೋನ್ ಎತ್ತುತ್ತಿದ್ದಳು. ಅತ್ತಿಗೆ ನಾದಿನಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು ಬಾಗಿಲ ಹತ್ತಿರ ವೈರು ಸುತ್ತುವ ನೆಪದಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಸುಜಾತ ಫೋನಿಟ್ಟು ಹೇಳಿದಳು, "ತೀರ್ಥಹಳ್ಳಿಲಿ ಸಿನಿಮಾ ತೋರಿಸ್ತಾರಂತೆ. ಮೈಕ್‌ಸೆಟ್ ಹೊಸನಗರದವ್ರದ್ದಂತೆ."

ನನ್ನ ತಂಗಿಯ ಕಾರ್ಯಕ್ರಮಕ್ಕೆ ಹೊಸನಗರದ ಮೈಕ್‌ಸೆಟ್! ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

"ನಂಗೆ ಬರ್ಲಿಕ್ಕೆ ಹೇಳಿದ್ಲಾ?"

"ಬರ್ಬೇಡ ಅಂತ ಹೇಳ್ಲಿಲ್ಲ."

ಹೊಸನಗರದಲ್ಲಿ ಬಸ್ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಒಂದು ವಾಕ್ಯ ಬಾಯಿಪಾಠ ಮಾಡಿದೆ. "ಈ ಸಿನಿಮಾ ಮಾಡಿದ ಶುಭಾ ನನ್ನ ತಂಗಿ, ಅನಿತಾನೂ ನಮ್ಮ ಮನೆಯವಳೇ." ತುಂಬಿದ ಸಭೆಯಲ್ಲಿ ಅಲ್ಲವೆಂದವನು ತುಂಬಿದ ಸಭೆಯಲ್ಲೇ ಹೌದೆನ್ನಬೇಕಲ್ಲ.

"ಮೈಕಲ್ಲಿ ಹೇಳ್ತೀನಿ" ಎಂದೆ.

"ಮೈಕಾ!" ಎಂದು ಸುಜಾತ ಕಿಟಕಿಯ ಕಡೆ ತಿರುಗಿದಳು.

ಈ ಸಲ ಕೂತು ನೋಡಿದೆ. ಪೂರ್ತಿ ಕಣ್ಣು ಬಿಟ್ಟು ನೋಡಿದೆ ಎಂದರೆ ಸುಳ್ಳಾಗುತ್ತದೆ. ನಡುನಡುವೆ ನನ್ನ ಚಪ್ಪಲಿ ನೋಡಿದೆ. ಆಗೆಲ್ಲ ಸುಜಾತ ತೊಡೆ ಚಿವುಟಿದಳು. ಅಂದು ಯುಗದಷ್ಟು ಉದ್ದ ಎನಿಸಿದ್ದ ದೃಶ್ಯ ನೋಡುತ್ತಿದ್ದಂತೆ ಮುಗಿದೇ ಹೋಯಿತು. ಆ ಕೋಣೆಯ ಗೋಡೆಯ ಮೇಲೆ ಹಳದಿ ಬೆಳಕು ಬಿದ್ದಿತ್ತು. ನನ್ನದೇ ಲೈಟು. ಆಮೇಲೆ ಹೂವಿನವಳು ಸೀರೆ ಹೊದ್ದು ಅಳುತ್ತಾಳೆ. ಎಂತಕ್ಕೆ ಎಂದರೆ, ಇಷ್ಟು ಸಂತೋಷ ಆಗಿದೆ, ಮನೆಗೆ ಹೋಗಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಅಷ್ಟೇ. ಭಾಗೀರಥಮ್ಮನಿಗೆ ಬೇಕಿದ್ದು ಅದು. ಅಂದು ನಾನು ಪ್ರೊಜೆಕ್ಟರ್ ಆರಿಸಿ ತಡೆದದ್ದೂ ಅದನ್ನೇ.

ಪ್ರಶ್ನೆಯ ಹೊತ್ತಿಗೆ ಕೈ ಎತ್ತಿದೆ. ವೇದಿಕೆಯ ಮೇಲಿದ್ದ ಶುಭಾಳ ಮುಖ ಬಿಳಿಚಿತು. ಹೊಸನಗರದ ಮೈಕಿನವನು ನನ್ನನ್ನು ಗುರುತಿಸಿ, ಕೊಡಲೋ ಬೇಡವೋ ಎಂದು ಅವಳ ಕಡೆ ನೋಡಿದ. ಅವಳು ಕೊಡು ಎಂದು ತಲೆಯಾಡಿಸಿದಳು.

ಮೈಕ್ ಕೈಗೆ ಬಂತು. ಬೆರಳು ತಾನಾಗಿ ಅದರ ತಲೆಯನ್ನು ತಟ್ಟಿತು. ಬಾಯಿ ತಾನಾಗಿ ತೆರೆಯಿತು.

"ಆತ್ಮೀಯ ಬಂಧುಗಳೇ..."

ಅಷ್ಟೇ. ಬಾಯಿಪಾಠ ಮಾಡಿದ್ದು ಮುಂದಕ್ಕೆ ಬರಲಿಲ್ಲ. ಕಣ್ಣು ತುಂಬಿ ವೇದಿಕೆ ಮಂಜಾಯಿತು. ಅಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದು. ಅಜ್ಜರೊಬ್ಬರು ಪಂಚೆ ಕೊಡವಿಕೊಂಡು ಎದ್ದು ನಿಂತಿದ್ದರು. ಅವರನ್ನು ನೋಡಿ ಇನ್ನೂ ಮೂರು ನಾಲ್ಕು ಜನ ಎದ್ದರು.

"ಊಟದ ಹಾಲ್ ಯಾವ ಕಡೆಗಾ?" ಎಂದು ಅಜ್ಜ ಕೇಳಿದರು.

ಶುಭಾ ನಗತೊಡಗಿದಳು. ಅನಿತಾಳ ಭುಜ ಹಿಡಿದು, ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು, "ಬೇಜಾರು ಮಾಡ್ಕಬೇಡಿ. ಇವ್ನು ನಮ್ಮಣ್ಣ."

ನಾನು ಹೇಳಬೇಕಿದ್ದ ಮಾತು. ಅವಳು ಮೈಕ್ ಇಲ್ಲದೆ, ಎಕೋ ಇಲ್ಲದೆ ಹೇಳಿಬಿಟ್ಟಳು.

ಅಜ್ಜ ಇನ್ನೂ ನಿಂತೇ ಇದ್ದರು. ನಾನು ಮೈಕನ್ನು ಬಾಯಿಯ ಹತ್ತಿರ ತಂದು ಹೇಳಿದೆ, "ಊಟ ಇಲ್ಲ ಅಜ್ಜ. ಕೂತ್ಕಳಿ."

ಆ ದಿನ ನಾನು ಪೂರ್ತಿ ಹೇಳಿ ಮುಗಿಸಿದ್ದು ಇದೊಂದನ್ನೇ.