ಅಮೆರಿಕದ ಜೊತೆ ಮಾಮಾನ ಒಪ್ಪಂದ

ನಮ್ಮ ಮಾಮಾನಿಗೂ ಅಮೆರಿಕಕ್ಕೂ ಮಾತಿಲ್ಲ. ಜಗಳ ತೆಗೆದದ್ದು ಅಮೆರಿಕವೇ ಎಂದು ಮಾಮಾ ಹೇಳುತ್ತಾನೆ. ಆ ಕಡೆಯವರನ್ನು ನಾನು ವಿಚಾರಿಸಿಲ್ಲ!

ಭಾಲ್ಕಿ ರೈಲ್ವೆ ಸ್ಟೇಷನ್ನಿನ ಎದುರು ಮಾಮಾನದೊಂದು ಮೊಬೈಲ್ ಅಂಗಡಿ. ಮೊಬೈಲ್ ಇದ್ದದ್ದು ಬೋರ್ಡಿನ ಮೇಲೆ ಮಾತ್ರ. ಒಳಗೆ ನಡೆಯುತ್ತಿದ್ದದ್ದು ಮೆಮೊರಿ ಕಾರ್ಡಿಗೆ ಸಿನಿಮಾ ತುಂಬುವ ಕೆಲಸ. ಅವು ಬರಗಾಲದ ವರ್ಷಗಳು. ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಟವರು ರೊಟ್ಟಿಗಂಟಿನ ಜೊತೆ ತುಂಬಿದ ಕಾರ್ಡೊಂದನ್ನೂ ಒಯ್ಯುತ್ತಿದ್ದರು. ಅಷ್ಟೂ ಕಳ್ಳ ಪ್ರತಿ!

ಮನೆಯಲ್ಲಿ ಮಾಮಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ಗುಳಿಗೆ ನುಂಗಿ ಗಟ್ಟಿಯಾಗಿ ಓಡಾಡುತ್ತಿದ್ದಳು. ಗುಳಿಗೆ ಕಂಡುಹಿಡಿದದ್ದು ಪರದೇಶದ ಕಂಪನಿ. ನಮ್ಮ ಕಾಯ್ದೆ ಅಡ್ಡ ಬರದಿದ್ದರಿಂದ ನಮ್ಮವರು ಅದನ್ನೇ ಅಗ್ಗವಾಗಿ ಮಾಡುತ್ತಿದ್ದರು. ಪರದೇಶದ ಬೆಲೆಗೆ ಕೊಳ್ಳಬೇಕೆಂದರೆ ಮಾಮಾ ಅಂಗಡಿ, ಮನೆ, ಜೊತೆಗೆ ನನ್ನನ್ನೂ ಮಾರಬೇಕಾಗುತ್ತಿತ್ತು.

ಅಂಥದ್ದರಲ್ಲಿ ಪೇಪರಿನಲ್ಲಿ ಸುದ್ದಿ ಬಂತು: ಔಷಧದ ಕಾಯ್ದೆ ಬಿಗಿ ಮಾಡಿ, ಇಂಟರ್ನೆಟ್ಟಿನ ಸಿನಿಮಾ ಕಳ್ಳತನ ನಿಲ್ಲಿಸಿ ಎಂದು ಅಮೆರಿಕ ದಿಲ್ಲಿಯನ್ನು ಒತ್ತಾಯಿಸುತ್ತಿದೆ. ಒಂದೇ ಸುದ್ದಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸಿಕ್ಕಿಬಿದ್ದ ಮನೆ ಜಗತ್ತಿನಲ್ಲಿ ಇನ್ನೊಂದಿತ್ತೇ?

ಅಂದಿನಿಂದ ಗಿರಾಕಿಗಳಿಗೆ ಮಾಮಾನ ಉಪನ್ಯಾಸ ಶುರು.

“ನೀ ಈಗ ಏನ್ ಮಾಡ್ಲತ್ತಿ ಗೊತ್ತದ? ಅಮೆರಿಕಾದ ಕಾಯ್ದಿ ಮುರೀಲತ್ತಿ!”

ಔರಾದಿನ ಹುಡುಗನೊಬ್ಬ ಕೈಮುಗಿದ. “ಮುರದಿದ್ದು ನಾ ಕಟ್ಟಿಕೊಡ್ತೀನ್ರಿ ಕಾಕಾ. ಗಾಡಿ ಬರ್ಲತ್ತದ, ಮೊದಲ ಫೈಟಿಂಗ್ ಪಿಚ್ಚರ್ ಹಾಕ್ರಿ!”

ಒಂದು ದಿನ ಮಾಮಾ ಸಿನಿಮಾ ತುಂಬುವುದನ್ನೇ ನಿಲ್ಲಿಸಿಬಿಟ್ಟ. ಸುದ್ದಿ ಕೇಳಿ ನಾನು ಬೀದರಿನಿಂದ ಓಡಿಬಂದೆ.

“ಅಮೆರಿಕಾದವ್ರು ಎರಡು ಕೇಳ್ಯಾರ. ಒಂದು ನಾ ಬಿಟ್ಟೀನಿ. ಇನ್ನ ಗುಳಿಗಿ ತಂಟಿಗಿ ಅವ್ರು ಬರಬಾರದು. ಲೇನಾ-ದೇನಾ, ಕೊಡೂದು-ತಗೊಳ್ಳೂದು ಅಂದ್ರ ಹಿಂಗೇ.”

“ನೀ ಬಿಟ್ಟಿದ್ದು ಅವ್ರಿಗಿ ಹ್ಯಾಂಗ ಗೊತ್ತಾಗ್ತದ ಮಾಮಾ?”

“ಇಂಟರ್ನೆಟ್ಟಿನಾಗ ಎಲ್ಲಾ ಕಾಣ್ತದಂತ!”

ಇದೆಲ್ಲ ಒಂದೇ ಬೇಸಿಗೆಯಲ್ಲಿ ನಡೆದಂತೆ ಹೇಳುತ್ತಿದ್ದೇನೆ. ನನ್ನ ತಲೆಯಲ್ಲಿ ಎರಡು ಬೇಸಿಗೆಗಳು ಅಂಟಿಕೊಂಡಿದ್ದರೂ ಇರಬಹುದು. ಆದರೆ ಖಾಲಿ ಅಂಗಡಿ ಮಾತ್ರ ನಿಜ. ದೇಶವೇ ಮಾತುಕತೆಯಲ್ಲಿ ತಡವರಿಸುತ್ತಿರುವಾಗ ಒಬ್ಬನೇ ಒಬ್ಬ ಮನುಷ್ಯ ಒಪ್ಪಂದ ಮುಗಿಸಿ ಕುಳಿತಿದ್ದನಲ್ಲ, ಅದೇನು ಸಣ್ಣ ಮಾತೇ?

ಮಾಮಾ ಹೊಸ ದಾರಿ ಹುಡುಕಿದ. ಹೊರಟವರ ಮನೆಯವರನ್ನು ಕೂರಿಸಿಕೊಂಡು ಅವರ ದನಿಯನ್ನೇ ಕಾರ್ಡಿಗೆ ತುಂಬತೊಡಗಿದ. ಯಾವ ದೇಶದ ಕಾಯ್ದೆಯೂ ಅದನ್ನು ಮುಟ್ಟುವಂತಿರಲಿಲ್ಲ! ಪುಣೆಗೆ ಹೋದ ಗೌಂಡಿಯೊಬ್ಬ ಗೆಳೆಯರ ನಡುವೆ ಹಾಡೆಂದು ಹಚ್ಚಿದರೆ ಹೆಂಡತಿಯ ಬೈಗುಳ: “ಕುಡದೀ ಅಂದ್ರ ಹೊಳ್ಳಿ ಬರಬ್ಯಾಡ!” ಅವನು ಊರಿಗೆ ಬಂದಾಗ ಮಾಮಾನನ್ನು ಹೊಡೆಯಲು ಬಂದ. ಹೋಗುವಾಗ ಅದನ್ನೇ ಇನ್ನೊಂದು ಕಾರ್ಡಿಗೆ ಹಾಕಿಸಿಕೊಂಡು ಹೋದ.

ತಿಂಗಳಿಗೊಮ್ಮೆ ಗುಳಿಗೆ ತರಲು ಮಾಮಾ ಬೀದರಿಗೆ ಹೋಗುತ್ತಿದ್ದ. ಅಂಥ ಒಂದು ದಿನ ನಾನು ಭಾಲ್ಕಿಗೆ ಹೋದರೆ ಅಂಗಡಿಯ ಮುಂದೆ ಜಾತ್ರೆ! ಒಳಗೆ ಸೆರಗು ಸಿಕ್ಕಿಸಿ ಕುಳಿತ ಮಾಮಿ ಕಾರ್ಡಿನ ಮೇಲೆ ಕಾರ್ಡು ಸಿನಿಮಾ ತುಂಬುತ್ತಿದ್ದಾಳೆ.

“ಮಾಮಿ! ಒಪ್ಪಂದ?”

“ನಾ ಏನ್ ಸಹಿ ಮಾಡೀನೇನು? ಮನಿ ನಡೀಬೇಕಲ್ಲ.”

ನಾನು ನಕ್ಕೆ. ಇಷ್ಟು ಕೆಲಸಕ್ಕೆ ಬಾರದ ಹಟವನ್ನು ಮಾಮಾನಿಗೆ ನೀನೇ ಬಿಡಿಸಬಾರದೇ ಎಂದು ಕೇಳಿದೆ.

ಮಾಮಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. “ನಾ ಜಡ್ಡಿಗಿ ಬಿದ್ದಾಗ ನಮ್ಮವ್ವ ಹರಕಿ ಹೊರ್ರಿ ಅಂದಳು. ‘ನಮ್ಮದು ಬುದ್ಧನ ಮನಿ, ಹರಕಿ-ಗಿರಕಿ ನಡೆಯಂಗಿಲ್ಲ’ ಅಂತ ಆಕಿಗಿ ಬೈದು ಕಳಿಸಿದ್ರು ನಿಮ್ಮ ಮಾಮಾ. ಅಂಥಾ ಮನಷ್ಯಾ…” ಇನ್ನೊಂದು ಕಾರ್ಡು ಸಿಕ್ಕಿಸಿದಳು. “ನನ್ನ ಸಲುವಾಗಿ ಅಮೆರಿಕಾಕ್ಕ ಹರಕಿ ಹೊತ್ತು ಕೂತಾರ. ಬಿಡಿಸ್ಲಿ ಹ್ಯಾಂಗ?”